ದೋಣಿಯಜ್ಜಿಯರ ಜಗಳ

ಜಗಳ ಬರೆಯುವುದೇ ನನ್ನ ಕೆಲಸ. ಮನೆಮಂದಿಯೆಲ್ಲ ಕೂತು ಆಡುವ ವಿಡಿಯೋ ಗೇಮ್‌ಗಳಿಗೆ ಮಾತು ಬರೆಯುತ್ತೇನೆ. ಹೊಸ ಆಟದಲ್ಲಿ ದಪ್ಪಜ್ಜಿ, ಸಣ್ಣಜ್ಜಿ ಎಂಬ ದಂಪತಿ ಇದ್ದಾರೆ. ಮಕ್ಕಳನ್ನು ದೋಣಿಯಲ್ಲಿ ದಾಟಿಸುತ್ತಾ, ಹೊದಿಕೆ ಎಳೆದುಕೊಂಡವರು ಯಾರು, ಗೊರಕೆ ಯಾರದ್ದು ಎಂದು ಕಿತ್ತಾಡುವುದೇ ಅವರ ಕಸುಬು. ಆ ಜಗಳಗಳನ್ನು ನಾನು ಎಲ್ಲಿಂದಲೂ ಕದ್ದಿಲ್ಲ. ನಾನೂ ನನ್ನವಳೂ ಒಂದೇ ಹೊದಿಕೆಯಡಿ ಆಡಿದವು. ನಾವೂ ಇಬ್ಬರು ಹೆಂಗಸರೇ. ಆಫೀಸಿನಲ್ಲಿ ನಮ್ಮ ಸಂಸಾರದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಬಾಸ್ ಕೆಟ್ಟವರಲ್ಲ, ಪುಕ್ಕಲು.

"ಮಕ್ಕಳ ಆಟ ಇದು. ಅಪ್ಪ ಅಮ್ಮಂದಿರು ನಮ್ಮ ಮೇಲೆ ಬೀಳ್ತಾರೆ. ಅಕ್ಕ ತಂಗಿ ಅಂತ ಮಾಡ್ಬಿಡೋಣ, ಯಾರ ತಂಟೆಯೂ ಬೇಡ."

ನಾನು ಒಪ್ಪಲಿಲ್ಲ. ಅವರೇ ಕೂತು 'ಹೆಂಡತಿ' ತೆಗೆದು 'ತಂಗಿ' ಹಾಕಿದರು, ಜಗಳವನ್ನು ಹಾಗೇ ಬಿಟ್ಟರು. ಒಂದು ಮನೆಯವರನ್ನು ಕರೆಸಿ ಆಡಿಸುವುದು, ಯಾರೂ ತಕರಾರು ತೆಗೆಯದಿದ್ದರೆ ಅದೇ ಕಾಯಂ ಎಂದರು. ನನ್ನ ಸಂಸಾರವನ್ನೇ ಕಣ್ಣೆದುರು ಅಳಿಸಿದಂತಾಗಿ ಮೈಯೆಲ್ಲ ಉರಿಯಿತು.

ಮರುದಿನ ಒಬ್ಬ ಅಜ್ಜಿ, ಅವರ ಮಗಳು, ಮೊಮ್ಮಗಳು ಬಂದು ಸೋಫಾದಲ್ಲಿ ಕೂತರು. ನಾನೂ ಬಾಸೂ ಪಕ್ಕದಲ್ಲಿ ನಿಂತೆವು. ಆಟದಲ್ಲಿ ಹುಡುಗಿ ದೋಣಿ ಹತ್ತಿದ್ದೇ ತಡ, ದಪ್ಪಜ್ಜಿ ಶುರುಮಾಡಿದಳು: "ಬಾ ಪುಟ್ಟಿ, ಇವಳು ನನ್ನ ತಂಗಿ. ರಾತ್ರಿಯೆಲ್ಲ ಗೊರಕೆ ಹೊಡೆದು ನನ್ನ ನಿದ್ದೆ ಕೆಡಿಸಿದ್ದಾಳೆ!"

ಜಗಳ ಆಚೆ ದಡ ಮುಟ್ಟುವವರೆಗೂ ನಡೆಯಿತು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

"ತಂಗಿಯಂತೆ ತಂಗಿ! ಇವರು ಅಕ್ಕತಂಗೀರು ಅಲ್ವೇ ಅಲ್ಲ."

"ಯಾಕಮ್ಮಾ?" ಎಂದರು ಬಾಸ್.

"ನನಗೂ ತಂಗಿ ಇದಾಳಪ್ಪ. ನಾವು ಜಗಳಕ್ಕೆ ನಿಂತ್ರೆ ಎರಡನೇ ಮಾತಿಗೇ ಅಮ್ಮ ಬರ್ತಾಳೆ. ಅಮ್ಮ ನಿನ್ನನ್ನೇ ತಲೆ ಮೇಲೆ ಕೂರಿಸ್ಕೊಂಡಿದ್ಲು ಅಂತ. ಇವರು ಇಷ್ಟೊತ್ತು ಕಿತ್ತಾಡಿದ್ರಲ್ಲ, ಒಂದ್ಸಲನಾದ್ರೂ ಅಮ್ಮನ ಸುದ್ದಿ ಎತ್ತಿದ್ರಾ? ಇದು ಗಂಡ ಹೆಂಡತಿ ಜಗಳ."

"ಇಬ್ರೂ ಹೆಂಗಸರಲ್ವಾ ಅಜ್ಜಿ?" ಎಂದಳು ಮೊಮ್ಮಗಳು.

"ಹೂಂ, ಹೆಂಗಸರೇ. ಇಬ್ರೂ ಸೇರಿ ಸಂಸಾರ ಮಾಡ್ತಿದಾರೆ. ನೀನು ಮುಂದೆ ನೋಡ್ಕೊಂಡು ಆಡು."

ಬಾಸ್ ಹುಡುಗಿಯ ಅಮ್ಮನ ಮುಖ ನೋಡಿದರು. ಬೈಗುಳ ಬರುವುದಿದ್ದರೆ ಅಲ್ಲಿಂದಲೇ ಎಂಬುದು ಅವರ ಲೆಕ್ಕ.

"ಅಮ್ಮ ಹೇಳೋದು ಸರಿ ಸರ್. ಮಕ್ಕಳ ಆಟದಲ್ಲಿ ಸುಳ್ಳು ಯಾಕೆ ಹೇಳಿಸ್ತೀರಿ?" ಎಂದರು ಆಕೆ.

ಅಜ್ಜಿ ನನ್ನ ಕಡೆ ತಿರುಗಿದರು. "ಬರೆದೋಳು ನೀನೇನಮ್ಮ? ಯಾರ ಮನೆ ಜಗಳ ಇದು?"

ಬಾಸ್ ಕಡೆ ನೋಡದೆ ಹೇಳಿಬಿಟ್ಟೆ.

"ನಮ್ಮನೇದೇ ಅಜ್ಜಿ. ಗೊರಕೆ ನಂದು. ಬೈಯೋಳು ನನ್ನ ಹೆಂಡತಿ."

"ಮಗ್ಗುಲಾಗಿ ಮಲಗಮ್ಮ. ಪಾಪ, ಅವಳಿಗೂ ನಿದ್ದೆ ಬೇಡ್ವಾ?"

ಬಾಸ್ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು.

"ಮೊದಲು ಹೆಂಡತಿ ಅಂತಲೇ ಇತ್ತಲ್ವಾ?"

"ಇತ್ತು ಸರ್."

"ಹಾಗೇ ಇರಲಿ ಬಿಡಿ," ಎಂದು ತಾವೇ 'ತಂಗಿ' ಅಳಿಸಿ 'ಹೆಂಡತಿ' ಎಂದು ಅಕ್ಷರ ಅಕ್ಷರವಾಗಿ ಒತ್ತಿದರು.