ಬೀದಿಯ ಮೇಜಿನ ಮೇಲೊಂದು ಬಟ್ಟಲು

ಕಂಚಿನ ಕೊಪ್ಪರಿಗೆಗಳು ಎಂಟು ಎಂದು ಹೇಳಿಬಿಟ್ಟಳು ಖ್ವೇ. ಆರು ವರ್ಷದಿಂದ ಹ್ವೆ ನಗರದ ಅರಮನೆ ಕೋಟೆಯನ್ನು ಬಂದವರಿಗೆಲ್ಲ ತೋರಿಸುತ್ತಿರುವವಳು.

"ಒಂಬತ್ತು ಕಣಮ್ಮಾ," ಎಂದರು ಬಾಂಗ್ ಮೇಷ್ಟ್ರು. ಹಾಯ್‌ಫಾಂಗ್‌ನಿಂದ ಬಂದಿದ್ದ ಹನ್ನೊಂದು ಮಂದಿ ನಿವೃತ್ತ ಶಿಕ್ಷಕರಲ್ಲಿ ಅವರೇ ಹಿರಿಯರು. "ಎರಡು ಸಲ ಎಣಿಸಿದೆ. ಒಂದನ್ನ ನೀನೇನಾದರೂ ಮಾರಿಕೊಂಡೆಯಾ?"

ಎಲ್ಲರೂ ನಕ್ಕರು. ನಗಬೇಕಾದ ಜಾಗ ಅದು ಎಂದು ಗೊತ್ತಾಗಿ ಅವಳೂ ನಕ್ಕಳು.

ಗಂಡ ತ್ವಾನ್ ಹೋದಮೇಲೆ ಹೀಗೇ, ಲೆಕ್ಕ ತಪ್ಪುತ್ತಿತ್ತು. ಅವನು ಕೆಲಸಕ್ಕಿದ್ದ ಸರಕಿನ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ ಏಳು ತಿಂಗಳಾಗಿತ್ತು. ದೇಹ ಸಿಗಲಿಲ್ಲ. ಮನೆಯಲ್ಲಿ, ತೀರಿಹೋದ ಹಿರಿಯರಿಗೆ ಕೈಮುಗಿಯುವ ಪೀಠದ ಮೇಲೆ ಅವನ ಫೋಟೋ ಇನ್ನೂ ಏರಿರಲಿಲ್ಲ. ಇಡೋಣವೇ ಎಂದು ಖ್ವೇ ಎರಡು ಸಲ ಕೇಳಿದ್ದಳು. ಎರಡು ಸಲವೂ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಅವನಿಗೆ ಮನೆಯೊಳಗೆ ಒಂದು ಜಾಗವಾಗಬೇಕು. ಈಗೀಗ ಅವಳಿಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ.

ಪೂರ್ವದ ಬಾಗಿಲಿನಿಂದ ಹೊರಬಿದ್ದು ಮ್ಯೂಸಿಯಂ ಕಡೆಗೆ ತಿರುಗಬೇಕಿತ್ತು. ಅವಳು ನೆಟ್ಟಗೆ ನಡೆದಳು. ಹಿಂದೆ ಹನ್ನೊಂದು ಜೊತೆ ಚಪ್ಪಲಿಗಳ ಸದ್ದು ಬರುತ್ತಲೇ ಇತ್ತು. ಬೀದಿಯ ಎರಡೂ ಕಡೆ ಮನೆಮನೆಯ ಮುಂದೆ ಮೇಜು, ಮೇಜಿನ ತುಂಬ ಬಟ್ಟಲು.

"ಇದೇನು, ಊರಿಗೆಲ್ಲ ಒಂದೇ ದಿನ ಮದುವೆಯಾ?" ಮೇಷ್ಟ್ರು ಕೇಳಿದರು.

ಚಾಂದ್ರಮಾನದ ಐದನೇ ತಿಂಗಳು, ಇಪ್ಪತ್ತಮೂರನೇ ದಿನ. ತಿಥಿಯನ್ನೇ ಮರೆತಿದ್ದಳು. ಬಾಯಿ ಮಾತ್ರ ಮರೆತಿರಲಿಲ್ಲ. ನೂರನಲವತ್ತು ವರ್ಷದ ಹಿಂದೆ ಈ ತಿಥಿಯಂದು ಫ್ರೆಂಚರ ಕೈಗೆ ಕೋಟೆ ಬಿತ್ತು. ಓಡುವ ಜನ ಕಾಲ್ತುಳಿತಕ್ಕೆ ಸಿಕ್ಕಿದರು, ಕಂದಕಕ್ಕೆ ಬಿದ್ದರು. ಯಾರ ಹೆಸರು ಏನೆಂದು ಯಾರಿಗೂ ಗೊತ್ತಿಲ್ಲ, ಅದಕ್ಕೇ ಪ್ರತಿ ಮನೆಯವರೂ ಬೀದಿಗೇ ಗಂಜಿ ತಂದಿಡುತ್ತಾರೆ. "ಪಕ್ಕದಲ್ಲಿ ಬೆಂಕಿ ಯಾಕೆ ಅಂದರೆ, ನೀರಲ್ಲಿ ಸತ್ತವರು ಮೈ ಕಾಯಿಸಿಕೊಳ್ಳಲಿ ಅಂತ," ಎಂದಳು. ಎಂದವಳು ನಿಂತುಬಿಟ್ಟಳು. ಎದುರಿಗಿದ್ದದ್ದು ಅವಳದೇ ಮನೆ.

"ಟೋಪಿ ಎಲ್ಲೇ?" ಎಂದರು ಅತ್ತೆ, ಬೆಂಕಿಗೆ ಸೌದೆ ತಳ್ಳುತ್ತ. "ಈ ಬಿಸಿಲಲ್ಲಿ ಬರಿತಲೆಯಲ್ಲಿ ಜನರನ್ನ ಕರಕೊಂಡು ತಿರುಗ್ತಾ ಇದ್ದೀಯಲ್ಲ."

ಮೇಜಿನ ಮೇಲೆ ಗಂಜಿ, ಅರಳು, ಉಪ್ಪು, ಬೇಯಿಸಿದ ಗೆಣಸು, ಸತ್ತವರಿಗೆಂದು ಸುಡುವ ಕಾಗದದ ಬಟ್ಟೆಗಳು. ತುದಿಯಲ್ಲಿ, ಬೀಳುವ ಹಾಗೆ, ಪುಟ್ಟ ಚಿಪ್ಪುಮೀನು ಹಾಕಿದ ಅನ್ನದ ಬಟ್ಟಲು.

"ಇದು ಯಾರಿಗಮ್ಮಾ?" ಖ್ವೇ ಕೇಳಿದಳು.

"ಹಸಿದವರು ಯಾರಾದರೂ ತಿಂತಾರೆ."

"ಮೆಣಸಿನಕಾಯಿ ಎಲ್ಲಿ?"

"ಮರೆತೆ."

"ಹ್ವೆಯಲ್ಲಿ ಹುಟ್ಟಿ, ನಲವತ್ತು ವರ್ಷ ಇದನ್ನೇ ಮಾಡಿ, ಮೆಣಸಿನಕಾಯಿ ಮರೆತಿರಾ?" ಈ ಊರಿನಲ್ಲಿ ಖಾರ ತಿನ್ನದ ಗಂಡಸು ಅವಳಿಗೆ ಗೊತ್ತಿದ್ದಂತೆ ಒಬ್ಬನೇ, ತ್ವಾನ್.

ಖ್ವೇ ಬಟ್ಟಲನ್ನು ಎತ್ತಿಕೊಂಡಳು. "ಅವನೇನು ದಿಕ್ಕಿಲ್ಲದವನಾ, ಬೀದಿಯಲ್ಲಿ ಉಣ್ಣೋಕೆ? ಒಳಗೆ ಇಡ್ತೀನಿ."

"ಬೇಡ ಕಣೆ."

"ಯಾಕೆ ಬೇಡ?"

"ಒಳಗಿಟ್ಟರೆ ನಾನೇನು ಮಾಡಲಿ?" ಅತ್ತೆಯ ದನಿ ಇಳಿಯಿತು, ಹನ್ನೊಂದು ಜನ ನೋಡುತ್ತಿದ್ದರು. "ಹೆತ್ತವಳು ಮಗನಿಗೆ ಬಾಗೋ ಹಾಗಿಲ್ಲ. ನೀನು ಊದುಬತ್ತಿ ಹಚ್ಚಿ ಬಾಗ್ತೀಯ, ಹೆಂಡತಿ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇರಬೇಕು. ಇಲ್ಲಾದರೆ ಸತ್ತವರು ಸಾವಿರಾರು ಜನ ಇದಾರೆ. ಮುದುಕಿ ಯಾರಿಗೆ ಬಾಗಿದಳು ಅಂತ ಯಾರು ಕೇಳ್ತಾರೆ?"

ಬಟ್ಟಲು ಇನ್ನೂ ಬಿಸಿಯಾಗಿತ್ತು. ಏಳು ತಿಂಗಳು ಅತ್ತೆ ಅವನನ್ನು ಹೊರಗಿಡುತ್ತಿದ್ದಾರೆ ಎಂದುಕೊಂಡಿದ್ದಳು ಖ್ವೇ. ಈಗ ಯಾವುದು ಒಳಗು, ಯಾವುದು ಹೊರಗು ಎಂಬುದೇ ತಿಳಿಯದೆ, ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟಳು, ಮೇಜಿನ ಕಡೆ ಒಂದು.

ಬಾಂಗ್ ಮೇಷ್ಟ್ರು ಟೋಪಿ ತೆಗೆದರು. ಏನು ಕೇಳಿಸಿತೋ ಎಷ್ಟು ಕೇಳಿಸಿತೋ. "ಅಕ್ಕಾ, ಪರವೂರಿನವರೂ ಒಂದೊಂದು ಊದುಕಡ್ಡಿ ಹಚ್ಚಬಹುದಾ?"

"ಹಚ್ಚಿ, ಹಚ್ಚಿ. ಜನ ಜಾಸ್ತಿಯಾದಷ್ಟೂ ಒಳ್ಳೇದು," ಎಂದರು ಅತ್ತೆ, ಕಟ್ಟನ್ನೇ ಅವರ ಕೈಗೆ ಕೊಟ್ಟು.

ಖ್ವೇ ಬಟ್ಟಲನ್ನು ಮೇಜಿನ ಮೇಲೆ ಮತ್ತೆ ಇಟ್ಟಳು. ತುದಿಯಲ್ಲಲ್ಲ, ಗಂಜಿಯ ಬಟ್ಟಲುಗಳನ್ನು ಸರಿಸಿ ನಡುವೆ. ಮೇಷ್ಟ್ರುಗಳು ಸಾಲಾಗಿ ನಿಂತರು. ನಡುವೆ ಗಿಡ್ಡದೊಂದು ಬೆನ್ನು, ಅತ್ತೆಯದು. ಸಾಲಿನವರೆಲ್ಲ ಬಾಗಿದರು, ಉಳಿದವರು ಎದ್ದಮೇಲೂ ಆ ಬೆನ್ನು ಏಳಲಿಲ್ಲ.

ಕೈಯಲ್ಲಿ ಕಡ್ಡಿ ಹಿಡಿದೇ ನಿಂತಿದ್ದ ಖ್ವೇಗೆ ತಾನೂ ಈಗಲೇ ಬಾಗಬೇಕೋ ಕಾಯಬೇಕೋ ಗೊತ್ತಾಗಲಿಲ್ಲ. ಬೂದಿ ಉದುರಿ ಬೆರಳು ಚುರುಗುಟ್ಟಿತು. ಅತ್ತೆ ಮೊಣಕಾಲು ಹಿಡಿದು ಎದ್ದಾಗ ಕೇಳಿದಳು: "ಫೋಟೋ, ನಾಳೆ ಇಡಲಾ?"

ಅತ್ತೆ ಹೊಗೆಯಿಂದ ಮುಖ ತಿರುಗಿಸಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

"ಇಡು," ಎಂದರು. "ನಾನು ಅಡುಗೆಮನೆಯಲ್ಲಿರ್ತೀನಿ."