ಶುಕ್ರವಾರದ ಸಹಿ

ಫ್ರೀಡಾ ಲಾಂಡೌ ಅವರಿಗೆ ಆಗ ಎಪ್ಪತ್ತೊಂದು ವರ್ಷ. ಮೊಣಕಾಲು ನೋವಿತ್ತು. ಆದರೂ ೨೦೦೩ರ ಚಳಿಗಾಲದಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಅವರೂ ಕೆಲಸಗಾರರ ಪರ ನಿಲ್ಲುವ ಅವರ ಸಂಘದ ಐದಾರು ಯಹೂದಿ ಹೆಂಗಸರೂ ಮಿಸಿಸಾಗದ ಬಳಿಯ ಬೋಲ್ಟನ್ನಿನ ಒಂದು ವೇರ್‌ಹೌಸಿನ ಗೇಟಿನೆದುರು ಬೋರ್ಡು ಹಿಡಿದು ನಿಲ್ಲುತ್ತಿದ್ದರು. ಗುರುಬಸವ್ವನ ಕೈ ಇಲ್ಲೇ ಸಿಕ್ಕಿಕೊಂಡಿದ್ದು ಎಂದು ಬೋರ್ಡಿನ ಮೇಲೆ ಬರೆದಿತ್ತು.

ಒಳಗೆ ಪೆಟ್ಟಿಗೆ ಸಾಗಿಸುವ ಬೆಲ್ಟಿಗೆ ಸಿಕ್ಕಿ ಗುರುಬಸವ್ವ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದಳು. ಆಸ್ಪತ್ರೆಗೆ ಕರೆದೊಯ್ದವನು ಅವಳನ್ನು ಕೆಲಸಕ್ಕೆ ಕಳಿಸುತ್ತಿದ್ದ ಏಜೆನ್ಸಿಯ ಶಿವಲಿಂಗಪ್ಪ. ಡಾಕ್ಟರು ಕೇಳಿದಾಗ ಅವನೇ ಮುಂದಾಗಿ, ಮನೆಯ ಗರಾಜಿನ ಬಾಗಿಲಿಗೆ ಸಿಕ್ಕಿತು ಎಂದು ಬರೆಸಿಬಿಟ್ಟ. ಬೈಲಹೊಂಗಲದಿಂದ ಬಂದು ಒಂದೂವರೆ ವರ್ಷವಾಗಿದ್ದ ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಆದ ಗಾಯಕ್ಕಷ್ಟೇ ದುಡ್ಡು ಕೊಡುವ ಪರಿಹಾರದ ಕಚೇರಿ ಇನ್ನು ನಂಬಬೇಕಾಗಿದ್ದು ಅವಳ ಬಾಯಿಂದ ಬರುವ ಹೇಳಿಕೆಯೊಂದನ್ನೇ.

ಅದನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ಡಿಗ್ರಿ ಮುಗಿಸಿ ಮಿಸಿಸಾಗದಲ್ಲಿ ಅಣ್ಣನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಕನ್ನಡ ಬಲ್ಲವರು ಬೇಕು ಎಂಬ ಫ್ರೀಡಾ ಅವರ ಸಂಘದ ಚೀಟಿಯನ್ನು ಲೈಬ್ರರಿಯಲ್ಲಿ ನೋಡಿ ಹೋದೆ. ಟೈಪು ಮಾಡುವುದಿರುತ್ತದೆ, ಮಾತಾಡುವುದಿರುವುದಿಲ್ಲ ಅಂದುಕೊಂಡಿದ್ದೆ.

ಫ್ರೀಡಾ ಅವರ ತಾಯಿ ಸ್ಪಡೈನಾ ಬೀದಿಯ ಕಾರ್ಖಾನೆಯಲ್ಲಿ ಕೋಟು ಹೊಲಿಯುತ್ತಿದ್ದರಂತೆ. ಮುಷ್ಕರದಲ್ಲಿ ಪೊಲೀಸರು ಹಿಡಿದುಕೊಂಡು ಹೋದಾಗ ಅವರಿಗೆ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಠಾಣೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಳ್ಳುವವರೇ ಇರಲಿಲ್ಲ. ಅದಕ್ಕೇ ನಿನ್ನನ್ನು ಕರೆದಿದ್ದು ಎಂದು ಫ್ರೀಡಾ ಒಮ್ಮೆ ಕಾರಿನಲ್ಲಿ ಹೇಳಿದರು. ನಾನು ಕಿಟಕಿಯ ಕಡೆ ತಿರುಗಿ ಹೂಂ ಎಂದೆ.

ಡಿಸೆಂಬರಿನಲ್ಲಿ ನಾಲ್ಕೂವರೆ ದಾಟುತ್ತಲೇ ಹೊತ್ತು ಮುಳುಗುತ್ತದೆ. ಆ ಹೆಂಗಸರು ಮೂರು ಗಂಟೆಗೆಲ್ಲ ಬೋರ್ಡು ಮಡಚಿ ಹೊರಡುತ್ತಿದ್ದರು. ಶುಕ್ರವಾರ ಸಂಜೆಯಿಂದ ಶನಿವಾರ ನಕ್ಷತ್ರ ಕಾಣುವವರೆಗೂ ಅವರಿಗೆ ಸಬ್ಬತ್. ಆಗ ಕಾರು ಓಡಿಸುವುದಿಲ್ಲ, ದೀಪ ಹಚ್ಚುವುದಿಲ್ಲ, ಫೋನು ಎತ್ತುವುದಿಲ್ಲ. ಒಂದು ಶುಕ್ರವಾರ ಹೊರಡುವಾಗ, ಸೋಮವಾರ ಹೇಳಿಕೆ ಕೊಡೋಣ, ಅಲ್ಲಿಯವರೆಗೆ ಅವಳು ಯಾವ ಕಾಗದಕ್ಕೂ ಸಹಿ ಹಾಕದಂತೆ ನೋಡಿಕೋ ಎಂದು ಫ್ರೀಡಾ ನನಗೆ ಹೇಳಿ ಹೋದರು.

ಅವರು ಹೊರಡುವ ಹೊತ್ತು ಶಿವಲಿಂಗಪ್ಪನಿಗೂ ಗೊತ್ತಿತ್ತು.

ಆ ಸಂಜೆ ಐದಕ್ಕೆ ಅವನು ಗುರುಬಸವ್ವನ ಬೇಸ್‌ಮೆಂಟಿಗೆ ಬಂದ. ನಾನು ಅವಳ ಕೈಗೆ ಬ್ಯಾಂಡೇಜು ಕಟ್ಟುತ್ತಿದ್ದೆ. ಬಸವ ಜಯಂತಿಯಲ್ಲಿ ಪ್ರತಿವರ್ಷ ನಮಗೆಲ್ಲ ಊಟ ಬಡಿಸುವ ಮನುಷ್ಯ. ನಮ್ಮಪ್ಪನನ್ನು ಅಣ್ಣಾ ಎಂದೇ ಕರೆಯುತ್ತಿದ್ದ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೇನು ಎಂದು ವಿಚಾರಿಸಿ, ಚಹಾ ಕುಡಿದು, ಕಾಗದ ತೆಗೆದ. ಗರಾಜಿನ ಬಾಗಿಲೆಂದೇ ಅದರಲ್ಲೂ ಇತ್ತು. ಕೆಳಗೆ ಇನ್ನೊಂದು ಗೆರೆ: ಇದನ್ನು ಆಕೆಯ ಭಾಷೆಯಲ್ಲಿ ಓದಿ ಹೇಳಿದವರ ಸಹಿ.

"ನೋಡು ಗುರುಬಸವ್ವಾ, ನಿನ್ನ ಗಂಡನೂ ಇದೇ ಶಿಫ್ಟನ್ಯಾಗ ಅದಾನ. ಸೋಮವಾರ ಆಂವನ ಹೆಸರು ಲಿಸ್ಟನ್ಯಾಗ ಇರಬೇಕೋ ಬ್ಯಾಡೋ, ನೀನ ಹೇಳು."

ಅವಳ ಗಂಡ ರೇವಣಸಿದ್ದಪ್ಪ ಆಗ ಕೆಲಸದ ಮೇಲಿದ್ದ. ಅವಳು ನನ್ನ ಮುಖ ನೋಡಿದಳು. ಸೋಮವಾರ ನೋಡೋಣ ಕಾಕಾ ಎಂದು ನಾನು ಮೆಲ್ಲಗೆ ಹೇಳಿದೆ. ಅವನು ನಕ್ಕ.

"ಆ ಮುದುಕೀನ್ನ ಕೇಳಬೇಕೇನು? ಕೇಳವಾ, ಫೋನ್ ಹಚ್ಚು."

ಹಚ್ಚಿದರೂ ಅವರು ಎತ್ತುವುದಿಲ್ಲ; ಹೋಗಿಯೇ ಕೇಳಬಹುದಿತ್ತು. ಅಣ್ಣನ ಕಾರು ಹೊರಗೇ ನಿಂತಿತ್ತು. ಬಾಥರ್ಸ್ಟ್ ಬೀದಿಯ ಫ್ರೀಡಾ ಅವರ ಮನೆಗೆ ನಲವತ್ತು ನಿಮಿಷದ ದಾರಿ. ಆದರೆ ಧಾರವಾಡದಲ್ಲಿ ನಮ್ಮಜ್ಜಿ ಲಿಂಗಪೂಜೆಗೆ ಕೂತರೆ ಮನೆಗೆ ಯಾರೇ ಬಂದರೂ ನಾವು ಆಕೆಯನ್ನು ಕೂಗುತ್ತಿರಲಿಲ್ಲ. ಅಜ್ಜ ಹಾಸಿಗೆ ಹಿಡಿದ ದಿನವೂ ಪೂಜೆ ಮುಗಿಯುವ ತನಕ ಬಾಗಿಲಾಚೆ ಕಾದಿದ್ದೆವು. ಗುರುಬಸವ್ವನೇ ನನಗಿಂತ ಮೊದಲು ಹೇಳಿದಳು.

"ಬ್ಯಾಡವಾ. ದೇವ್ರ ಮುಂದ ಕುಂತಾರ. ಆಕಿನ ಎಬ್ಬಿಸಬಾರ್ದು."

ಎಡಗೈಯಲ್ಲಿ ಅಂಕುಡೊಂಕಾಗಿ ಅವಳು ಸಹಿ ಹಾಕಿದಳು. ಕಾಗದವನ್ನು ಒಂದಕ್ಷರ ಬಿಡದೆ ಓದಿ ಹೇಳಿದ್ದರಿಂದ ಕೆಳಗಿನ ಗೆರೆಯ ಮೇಲೆ ನಾನೂ ಹಾಕಿದೆ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಶಿವಲಿಂಗಪ್ಪ ಕಾಗದ ಮಡಚಿ, ಶ್ಯಾಣ್ಯಾ ಹುಡುಗಿ ಎಂದು ತಲೆ ಸವರಿ ಹೋದ.

ಸೋಮವಾರ ಸಂಘದ ಕೋಣೆಯಲ್ಲಿ ಫ್ರೀಡಾ ಅವರಿಗೆ ವಿಷಯ ಹೇಳಿದೆ. ಅವರು ಹೇಳಿದರು:

"ಸಬ್ಬತ್ತಿಗೆ ಫೋನು ಎತ್ತುವುದಿಲ್ಲ, ನಿಜ. ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತೇನೆ ಅಂದಿದ್ದೆನಾ? ನೀನು ಬಂದು ತಟ್ಟಬೇಕಿತ್ತು. ಇಬ್ಬರೂ ಊಟಕ್ಕೆ ಬನ್ನಿ ಅನ್ನುತ್ತಿದ್ದೆ. ರಾತ್ರಿ ಇಲ್ಲೇ ಇರಿ ಅನ್ನುತ್ತಿದ್ದೆ."

ಅಂಥ ದಿನ ಹೊರಗಿನವರು ಅವರ ಮನೆಯೊಳಗೆ ಕಾಲಿಡಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಯಾರನ್ನೂ ಕೇಳಿಯೂ ಇರಲಿಲ್ಲ.

ಫ್ರೀಡಾ ಬಿಡಲಿಲ್ಲ. ಆಸ್ಪತ್ರೆಯ ದಾಖಲೆಗಾಗಿ ಮೂರು ಸಲ ಅಲೆದರು. ಗೇಟಿನೆದುರು ನಿಲ್ಲುವುದನ್ನೂ ತಪ್ಪಿಸಲಿಲ್ಲ. ಬೆಲ್ಟಿನ ಪಕ್ಕ ನಿಂತಿದ್ದ ಪಂಜಾಬಿ ಹೆಂಗಸು ಮೊದಲು ಸಾಕ್ಷಿ ಹೇಳುತ್ತೇನೆ ಎಂದವಳು ಆಮೇಲೆ ಬಾಗಿಲೇ ತೆಗೆಯಲಿಲ್ಲ. ಏಪ್ರಿಲಿನಲ್ಲಿ ನ್ಯೂಮಾರ್ಕೆಟ್ಟಿನ ಒಂದು ಕೋಣೆಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಆ ಕಾಗದ ಎತ್ತಿ ಹಿಡಿದು ನನ್ನನ್ನು ಕೇಳಿದರು. ಪೂರ್ತಿ ಓದಿ ಹೇಳಿದಿರಾ? ಹೌದು. ಆಕೆಗೆ ಅರ್ಥವಾಗಿತ್ತೇ? ಹೌದು.

ಅದು ಸುಳ್ಳೆಂದು ನಿಮಗೆ ಗೊತ್ತಿತ್ತೇ ಎಂದು ಅವರು ಕೇಳಲಿಲ್ಲ. ಫ್ರೀಡಾ ಮೇಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ಕೇಳದಿದ್ದರೂ ಹೇಳಬೇಕು ಎಂದು ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದರು. ಅಧಿಕಾರಿ ಥ್ಯಾಂಕ್ಯೂ ಎಂದರು. ನಾನು ಕೂತೆ.

ಅರ್ಜಿ ವಜಾ ಎಂದು ಅಲ್ಲೇ ಓದಿದರು. ಅದನ್ನು ಗುರುಬಸವ್ವನಿಗೆ ಕನ್ನಡದಲ್ಲಿ ಹೇಳಿದವಳೂ ನಾನೇ.

ಕಾರಿಡಾರಿನಲ್ಲಿ ಫ್ರೀಡಾ ಬಗ್ಗಿ ಅವಳ ಕೋಟಿನ ಗುಂಡಿ ಹಾಕಿಕೊಡುತ್ತಿದ್ದರು. ತಪ್ಪು ನನ್ನದು, ಸಬ್ಬತ್ತಿನಲ್ಲೂ ಬಾಗಿಲು ತಟ್ಟಬಹುದೆಂದು ಮೊದಲೇ ಬಿಡಿಸಿ ಹೇಳಬೇಕಿತ್ತು, ಅವಳಿಗೆ ಹೇಳು ಎಂದರು. ಹೇಳಿದೆ. ಗುರುಬಸವ್ವ ನನ್ನ ಕಡೆ ನೋಡಲಿಲ್ಲ.

"ಆಕೀದೇನೂ ತಪ್ಪಿಲ್ಲ ಅಂತ ಹೇಳು. ನಿಂದೂ ಇಲ್ಲ ಅಂತ ನಾ ಹೇಳಂಗಿಲ್ಲ."

ಮೊದಲನೆಯದನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಫ್ರೀಡಾ ಕೊನೆಯ ಗುಂಡಿ ಹಾಕಿ ನೆಟ್ಟಗೆ ನಿಂತರು. ಇನ್ನೂ ಏನೋ ಅಂದಳಲ್ಲ, ಅದೇನು ಎಂದು ಕೇಳಿದರು.

ಅದನ್ನೂ ಹೇಳಿದೆ. ಹಾಗಲ್ಲ, ನಿನ್ನ ತಪ್ಪಿಲ್ಲ ಎಂದು ಅವರು ಅನ್ನಲಿಲ್ಲ.