ತಳ್ಳುಗಾಡಿಗೆ ಹೊಸ ಎಂಜಿನ್

ಸಮಸ್ತ ಬಂಧುಬಳಗಕ್ಕೂ, ಎದುರುಮನೆಯವರಿಗೂ, ನಮ್ಮ ಕಾರಿನ ಬಾನೆಟ್ ಮೇಲೆ ಮಲಗುವ ಬೆಕ್ಕಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ಭಾನುವಾರ ನಮ್ಮಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತು ತನ್ನ ತಂಗಿ ಮನೆಗೆ ಹೋಗಲಿದ್ದಾಳೆ.

ಇದೇನು ಮಹಾ ಅನ್ನಬೇಡಿ. ಅಪ್ಪ ಇದ್ದಷ್ಟು ಕಾಲ ಹೊಸ ಬ್ಯಾಟರಿಗೆ ದುಡ್ಡು ಬಿಚ್ಚಲಿಲ್ಲ, ಆ ಕಾರು ತಾನಾಗಿ ಸ್ಟಾರ್ಟ್ ಆದದ್ದನ್ನ ಕಂಡವರೂ ಇಲ್ಲ. ಬೀದಿಯವರು ಅದಕ್ಕೆ ತಳ್ಳುಗಾಡಿ ಅಂತಲೇ ಹೆಸರಿಟ್ಟಿದ್ದರು. ತಳ್ಳೋಕೂ ಅವರವರ ಜಾಗ ನಿಗದಿಯಾಗಿತ್ತು: ಅಣ್ಣ ಬಾಗಿಲಿಗೆ, ನಾನು ಹಿಂದಿನ ದೀಪದ ಪಕ್ಕ, ನಡುವೆ ಡಿಕ್ಕಿಗೆ ಎರಡೂ ಕೈ ಕೊಟ್ಟು ಅಮ್ಮ. ಅಪ್ಪ ಸ್ಟೇರಿಂಗ್ ಹಿಡಿದು "ಹೂಂ, ಇನ್ನೊಂಚೂರು!" ಅನ್ನೋರು. ಸಂಸಾರದಲ್ಲೂ ಅವರ ಪಾತ್ರ ಅಷ್ಟೇ. ಕಾರು ಕೆಮ್ಮಿ ಎದ್ದಮೇಲೆ ನಿಲ್ಲಿಸಿದರೆ ಮತ್ತೆ ಆರಿಹೋಗುತ್ತೆ ಅಂತ ನಿಲ್ಲಿಸ್ತಿರಲಿಲ್ಲ. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದು ಹಿಂದಿನ ಸೀಟಿಗೆ ಬೀಳೋಳು.

ಚಿಕ್ಕಮ್ಮನ ಮನೆ ಮುಟ್ಟೋ ಹೊತ್ತಿಗೆ ಅಮ್ಮನ ಅಂಗೈ ಎರಡೂ ಕಪ್ಪು. ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಬಂದ್ಲಪ್ಪ ನಮ್ಮಕ್ಕ, ಸೋಪು ತನ್ನಿ!" ಅನ್ನೋಳು. ಎಲ್ಲರೂ ನಗ್ತಿದ್ವಿ. ಅಮ್ಮನೂ ನಗೋಳು, ಆದರೆ ಬಚ್ಚಲಿಂದ ಆಚೆ ಬರೋಕೆ ಜಾಸ್ತಿ ಹೊತ್ತು ತಗೊಳ್ಳೋಳು.

ಅಪ್ಪ ಹೋದಮೇಲೆ ಎಂಜಿನ್ನೂ ಜಾಮ್ ಆಗಿ ಕೂತಿತು. ಗುಜರಿಗೆ ಕೊಡೋಣ ಅಂದ್ವಿ.

"ಒಂದೇ ಒಂದ್ಸಲ ಮುಂದೆ ಕೂತು, ಚೊಕ್ಕ ಕೈಲಿ ನನ್ ತಂಗಿ ಮನೆಗೆ ಹೋಗ್ಬೇಕು ಕಣ್ರೋ. ಆಮೇಲೆ ಬೇಕಾದ್ರೆ ತೂಕಕ್ಕೆ ಹಾಕಿ," ಅಂದಳು ಅಮ್ಮ.

ಹಾಗಾಗಿ ಗುಜರಿಯಿಂದಲೇ ಅದೇ ಜಾತಿಯ ಇನ್ನೊಂದು ಕಾರಿನ ಎಂಜಿನ್ ತಂದು, ಶೆಡ್ಡಿನ ತೊಲೆಗೆ ಚೈನು ಕಟ್ಟಿ, ನಾನೂ ಅಣ್ಣನೂ ಇಳಿಸಿ ಕೂರಿಸಿದ್ವಿ.

ಹೀಗೆ ಊರಿಗೆಲ್ಲ ಸಾರಿದ ಆ ಭಾನುವಾರ ಬಂತು. ಅಮ್ಮ ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಮುಂದೆ ಕೂತಳು. ಅಣ್ಣ ಕೀ ತಿರುಗಿಸಿದ.

ಟಿಕ್. ಅಷ್ಟೆ.

ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ವಾಹನ ನೋಂದಣಿ ಕಚೇರಿಯಿಂದ ರಿಟೈರಾದವರು, ಶೆಡ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದರು. "ಬ್ಯಾಟರಿ," ಅಂದರು.

"ಹೊಸದು ಚಿಕ್ಕಪ್ಪ. ಹಾರನ್ ಕೇಳಿ."

"ಕಿವಿ ಕಿತ್ತೋಯ್ತು, ಸಾಕು. ಪೆಟ್ರೋಲು?"

"ಎಂಜಿನ್ ತಿರುಗಿದ್ರೆ ತಾನೇ ಕುಡಿಯೋದು?"

ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟರೇ ಕೆಟ್ಟಿರಬೇಕು ಅಂತ ಹಳೇ ಎಂಜಿನ್ನಿನದನ್ನ ಬಿಚ್ಚಿ ಇದಕ್ಕೆ ಹಾಕಿದ್ವಿ. ಟಿಕ್.

"ತಳ್ಳಿಬಿಡೋಣ್ವೇನಮ್ಮ?" ಅಂದ ಅಣ್ಣ ಮೆಲ್ಲಗೆ.

"ಹಿಂದೆ ಯಾರಾದ್ರೂ ಕೈ ಇಟ್ರೆ ಇಳಿದು ಒಳಗೆ ಹೋಗ್ತೀನಿ."

ಬಾನೆಟ್ ಒಳಗೆ ಬಗ್ಗಿದ್ದ ನನ್ನ ಕೈ ಆಕ್ಸಿಲರೇಟರ್ ಕೇಬಲ್ಲಿಗೆ ತಾಗಿತು. ಸುಡ್ತಿತ್ತು! ಓಡದ ಕಾರಲ್ಲಿ ಕೇಬಲ್ಲು ಯಾಕೆ ಕಾಯಬೇಕು? ಕರೆಂಟು ರಾಜಮಾರ್ಗ ಸಿಗದೆ ಕೇಬಲ್ಲಿನ ಕಳ್ಳದಾರಿ ಹಿಡಿದಿತ್ತು. ಎಂಜಿನ್ನಿಂದ ಕಾರಿನ ಮೈಗೆ ಕರೆಂಟು ಮರಳಿಸಬೇಕಾದ ಜಡೆಯಂಥ ಅರ್ತ್ ಪಟ್ಟಿ ಮೂಲೆಯಲ್ಲಿ ಬಿದ್ದ ಹಳೇ ಎಂಜಿನ್ನಿಗೇ ನೇತಾಡ್ತಿತ್ತು. ಅರ್ತ್ ಇಲ್ಲದೆ ನಮ್ಮ ಸಾಹಸವೆಲ್ಲ ಅರ್ಥವಿಲ್ಲದ್ದಾಗಿತ್ತು.

"ಬಿಚ್ಚಿದ್ದು ನೀನು ತಾನೇ?" ಅಂದ ಅಣ್ಣ.

"ಕೂರಿಸಿದ್ದು ನೀನು ತಾನೇ?"

"ನಿಮ್ಮಪ್ಪ ಇದ್ದಿದ್ರೆ," ಅಂದಳು ಅಮ್ಮ ಕಾರೊಳಗಿಂದ, "ಇಷ್ಟೊತ್ತಿಗೆ ನಾನು ಅರ್ಧ ದಾರಿ ತಳ್ಳಿರ್ತಿದ್ದೆ."

ಪಟ್ಟಿಯ ತುಕ್ಕು ಉಜ್ಜಿ, ಬೋಲ್ಟು ಬಿಗಿದು, ಕೀ ತಿರುಗಿಸಿದ್ವಿ. ಸ್ಟಾರ್ಟ್ ಆಯ್ತು! ಸೀಟುಗಳಿಂದ ಅದೇ ಹಳೇ ರೆಕ್ಸಿನ್ ವಾಸನೆ ಎದ್ದಿತು. ಡ್ಯಾಶ್‌ಬೋರ್ಡಿನ ಮುಚ್ಚಳ ಅಪ್ಪನ ಕಾಲದಲ್ಲಿ ಕಟಕಟ ಅಂದ ಹಾಗೇ ಅಂದಿತು. ಅಮ್ಮ ಡ್ರೈವರ್ ಸೀಟಿನ ಕಡೆ ತಿರುಗಿ, ಅಣ್ಣನನ್ನ ಕಂಡು, ಮತ್ತೆ ಮುಂದೆ ನೋಡಿದಳು.

ನಾನು ಗೇಟು ತೆಗೆದೆ. ಚಿಕ್ಕಪ್ಪ ಕೈ ಎತ್ತಿದರು.

"ಕಾರಿನ ದಾಖಲೆಯಲ್ಲಿ ಇರೋದು ಯಾವ ಎಂಜಿನ್ ನಂಬರು?"

"ಹಳೇದು."

"ಹಾಗಾದ್ರೆ ರಸ್ತೆಗೆ ಇಳಿಸೋ ಹಾಗಿಲ್ಲ. ತಪಾಸಣೆ ಆಗಿ ಹೊಸ ನಂಬರು ಏರೋ ತನಕ ಕಾನೂನಿನ ಕಣ್ಣಲ್ಲಿ ಇದು ಬೇರೆ ಯಾರದೋ ಕಾರು. ವಿಮೆನೂ ಇಲ್ಲ."

"ಅಲ್ಲ ಚಿಕ್ಕಪ್ಪ, ಬೆಳಗ್ಗಿಂದ ಇಲ್ಲೇ ಕೂತಿದ್ರಲ್ಲ, ಮೊದಲೇ ಹೇಳೋಕೇನಾಗಿತ್ತು?"

"ಸ್ಟಾರ್ಟ್ ಆಗುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಎಂಜಿನ್ ಆರಿಸೋಕೆ ಅಣ್ಣ ಕೀ ಕಡೆ ಕೈ ಚಾಚಿದ. ಅಮ್ಮ ಫಟ್ಟನೆ ಅದರ ಮೇಲೊಂದು ಕೊಟ್ಟು, ಫೋನ್ ತೆಗೆದು ತಂಗಿಗೆ ಹಚ್ಚಿದಳು.

"ಲೇ, ಕಾರಿನ ಮುಂದಿನ ಸೀಟಲ್ಲಿ ಕೂತಿದೀನಿ... ಇಲ್ಲ ಕಣೆ, ಹೊರಟಿಲ್ಲ. ಬರೀ ಕೂತಿದೀನಿ. ತಡಿ, ಕೇಳು," ಅಂತ ಫೋನನ್ನ ಡ್ಯಾಶ್‌ಬೋರ್ಡಿಗೆ ಹಿಡಿದಳು.